ಎಡೆಯ ಕಲ್ಲು

ಆಂಜಿನಪ್ಪನ ಹೆಣ ಸಿಗಲೇ ಇಲ್ಲ. ಚಿನ್ನದ ಗಣಿಯ ಆಳದಲ್ಲಿ ಬಂಡೆ ಸಿಡಿದು ಸುರಂಗವೇ ಮುಚ್ಚಿಹೋಗಿತ್ತು. ಹೂಳಲು ಒಂದು ಮೂಳೆಯೂ ಇಲ್ಲದೆ ಹೆಂಡತಿ ಅಕ್ಕಯ್ಯಮ್ಮ, ತಾನು ಕೂಲಿಗೆ ಹೋಗುತ್ತಿದ್ದ ಕಲ್ಲುಗುಂಡಿಯಿಂದ ಒಳ್ಳೆಯದೊಂದು ಕಲ್ಲು ಹೊತ್ತು ತಂದು, ಪಕ್ಕದಲ್ಲೇ ಇದ್ದ ತನ್ನ ಅಂಗೈಯಗಲದ ಹೊಲದ ಬದುವಿನಲ್ಲಿ ನೆಟ್ಟಳು. ಕಂತ್ರಾಟುದಾರನ ಬಾಯಲ್ಲಿ ಅದು ಫೆಲ್ಡ್‌ಸ್ಪಾರ್, ಊರವರ ಬಾಯಲ್ಲಿ ಬಿಳಿಕಲ್ಲು, ಅವಳಿಗೆ ಗಂಡ. ಪ್ರತಿ ಮಾಲಯ ಅಮಾವಾಸ್ಯೆಗೆ ಅರಿಸಿನ ಕುಂಕುಮ ಹಚ್ಚಿ ಎಡೆ ಇಡುತ್ತಿದ್ದಳು.

ಒಂದು ವರ್ಷ ಮಗಳ ಬಾಣಂತನಕ್ಕೆ ಮಾರಿಕುಪ್ಪಂಗೆ ಹೋಗಿ ಬಂದರೆ, ಬದುವಿನಲ್ಲಿ ಬರೀ ಕುಳಿ. ಕಲ್ಲುಗುಂಡಿಯ ಮೇಸ್ತ್ರಿ ಕೋದಂಡಪ್ಪ ತಲೆಯ ಟವಲು ತೆಗೆದು ಎದುರು ಕೂತ.

"ಮಳೇಗೆ ಕುಂಕುಮ ತೊಳ್ದೋಗಿತ್ತಕ್ಕ. ಬದ ಕುಸ್ದು ಕಲ್ಲು ರಾಶಿಗೆ ಉಳ್ಳೋಗಿತ್ತು. ಒಸಾ ಆಳುಗಳು, ತಿಳೀದೆ ಒಡ್ದು ಲಾರಿಗಾಕವ್ರೆ. ಬಂಗಾರಪೇಟೇಲಿ ಗೂಡ್ಸು ರೈಲು ಅತ್ತೋಯ್ತು."

ಅಕ್ಕಯ್ಯಮ್ಮ ಕೂಗಾಡಲಿಲ್ಲ. "ಅದ್ನ ಏನ್ ಮಾಡ್ತಾರೆ ಕೋದಂಡಪ್ಪ?"

"ಬೆಂಗ್ಳೂರಾಗೆ ರಾಗಿ ಇಟ್ನಂಗೆ ನುಣ್ಣಗೆ ಬೀಸಿ, ಮಣ್ಣಿಗೆ ಬೆರ್ಸಿ ಸುಡ್ತಾರಂತೆ. ಪಿಂಗಾಣಿ ಆಯ್ತದೆ. ಕರೆಂಟು ಕಂಬದ ಮ್ಯಾಲೆ ಬೆಳ್ಳಗೆ ಬಟ್ಲು ಇರ್ತದಲ್ಲ, ಅದು."

ಆ ಮಾಲಯಕ್ಕೂ ಅಡುಗೆ ಮಾಡಿದಳು. ಬರಿಯ ಕುಳಿಯ ಮುಂದೆ ಎಡೆ ಇಡಲು ಕೈ ಬರಲಿಲ್ಲ. ಇನ್ನೊಂದು ಕಲ್ಲು ನೆಡು ಎಂದರು ಜನ. ಹೇಳುವವರಿಗೇನು, ಗಂಡನನ್ನು ಎರಡು ಸಲ ಕಳೆದುಕೊಂಡವಳು ಅವಳು. ಅವನು ಎಲ್ಲೋ ಹಸಿದಿದ್ದಾನೆ ಎಂಬ ಸಂಕಟಕ್ಕೆ ಆ ದಿನ ಅವಳೂ ಉಣ್ಣಲಿಲ್ಲ. ಮುಂದಿನ ಮಾಲಯಗಳೂ ಹಾಗೇ ಕಳೆದವು.

ಕೊನೆಗೊಮ್ಮೆ ಊರಿಗೆ ಕರೆಂಟು ಬಂತು. ಗಣಿಗೆ ಹೋಗುವ ತಂತಿ ಅವಳ ತಾಯಿಯ ಕಾಲದಲ್ಲೇ ಊರ ಪಕ್ಕ ಹಾದಿತ್ತು. ಗಣಿಗೆ ಗಂಡಸರನ್ನು ಕೊಟ್ಟ ಊರಿಗೆ ಇಳಿಯಲು ಅದಕ್ಕೆ ಇಷ್ಟು ಕಾಲ ಬೇಕಾಯಿತು. ಒಂದು ಕಂಬ ಅವಳ ಬದುವಿನಲ್ಲೇ ನಿಂತಿತು.

ಮಾಲಯದ ದಿನ ತಂತಿ ಕಟ್ಟಲು ಹತ್ತಿದ್ದ ಲೈನ್‌ಮನ್ ಕೆಳಗೆ ನೋಡಿದ. ಕಂಬದ ಬುಡಕ್ಕೆ ಅರಿಸಿನ, ಎದುರಿಗೆ ಬಾಳೆಲೆ, ಮುದ್ದೆ, ಸಾರು, ವಡೆ.

"ಏನಮ್ಮ, ಕಂಬಕ್ಕೂ ಎಡೆನಾ?" ಎಂದು ನಕ್ಕ.

ಅಕ್ಕಯ್ಯಮ್ಮನ ಕಣ್ಣು ಅವನ ಕೈಯ ಬಳಿಯ ಬಿಳಿ ಪಿಂಗಾಣಿ ಬಟ್ಟಲಿನ ಮೇಲಿತ್ತು. "ಕಂಬಕ್ಕಲ್ಲಪ್ಪ. ನಿನ್ ಕೈತಾವ ಕುಂತವ್ರಲ್ಲ, ನಮ್ಮೋರು, ಅವ್ರಿಗೆ. ಬದ್ಕಿರೋಗಂಟ ಕತ್ಲಾಗೇ ಇದ್ರು. ವಸಿ ಮೆಲ್ಲಕೆ ಕಟ್ಟು."

ಅವನಿಗೆ ಏನೂ ತಿಳಿಯಲಿಲ್ಲ. ಆದರೂ ಕೈ ತಾನಾಗಿ ಮೆತ್ತಗಾಯಿತು. ಕೆಲಸ ಮುಗಿಸಿ ಇಳಿದವನು ಎಲೆಯನ್ನು ದಾಟದೆ, ಪಕ್ಕದಿಂದ ಸುತ್ತಿ ಹೋದ.