ಎಕ್ಕದ ಹಾಲು

ಕುರುಗೋಡಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಗಂಗೋತ್ರಿ, ಸಸ್ಯ ಅಂಗಾಂಶಗಳ ಪಾಠಕ್ಕೆಂದು ಹಿಂದಿನ ಬಯಲಿನಿಂದ ಎಕ್ಕದ ಕಾಂಡ ಕಿತ್ತು ತಂದಿದ್ದಳು. ಮಕ್ಕಳಿಗೂ ಒಂದೊಂದು ತುಂಡು ಹಂಚಿ, ತಾನೊಂದರ ಸಿಪ್ಪೆ ಸುಲಿದು ನಾರು ಎಳೆದು ತೋರಿಸಿದಳು.

"ಇದು ಸ್ಕ್ಲೀರಂಕೈಮ. ಜೀವಕೋಶ ಸತ್ತಿರ್ತಾವು, ದಪ್ಪನ ಗೋಡಿ ಮಾತ್ರ ಉಳದಿರತೈತಿ. ಗಾಳಿಗೆ ಗಿಡ ಮುರೀದಂಗ ಹಿಡಿಯೋದು ಇದಾ."

"ಮತ್ತ ಈ ಹಾಲು ಯಾಕ್ರಿ ಮಿಸ್?" ಮುಂದಿನ ಬೆಂಚಿನ ಮೀನಾ ಕೇಳಿದಳು.

"ಅದಕ್ಕ ಬ್ಯಾರೆ ನಾಳ ಅದಾವು. ದನಾ ತಿನ್ನಬಾರದಂತ ಗಿಡ ಇಟ್ಕೊಂಡಿರೋ ಕಾವಲು," ಎನ್ನುತ್ತ ಗಂಗೋತ್ರಿ ಇನ್ನೊಂದು ಕಾಂಡ ಲಟಕ್ಕನೆ ಮುರಿದಳು. ಹನಿಯೊಂದು ಬಲಗಣ್ಣಿಗೆ ಸಿಡಿಯಿತು. ಚುರ್ ಎಂದು ಸುಮ್ಮನಾಯಿತು. ಸೆರಗಿನಿಂದ ಒರೆಸಿಕೊಂಡು ಪಾಠ ಮುಂದುವರಿಸಿದಳು.

ಸಂಜೆ ಬಳ್ಳಾರಿ ಬಸ್ಸಿನಲ್ಲಿ ಎಲ್ಲವೂ ಮಂಜುಮಂಜು. ಕಿಟಕಿಯ ಗಾಜು ಒರೆಸಿದಳು; ಹೋಗಲಿಲ್ಲ. ಎಡಗಣ್ಣು ಮುಚ್ಚಿದಳು. ಎದುರಿಗೆ ನಿಂತ ಕಂಡಕ್ಟರಿಗೆ ಮುಖವೇ ಇರಲಿಲ್ಲ. ನೋವಾದರೂ ಇದ್ದಿದ್ದರೆ ಧೈರ್ಯವಿರುತ್ತಿತ್ತೇನೋ. ಇದು ಸದ್ದಿಲ್ಲದೆ ಕಣ್ಣು ತಿನ್ನುತ್ತಿತ್ತು.

ಬಳ್ಳಾರಿಯಲ್ಲಿ ಇಳಿದವಳು ಮನೆಗೆ ಹೋಗದೆ ಬ್ರೂಸ್‌ಪೇಟೆಯ ಕಣ್ಣಿನ ಡಾಕ್ಟರ್ ಜಂಬುನಾಥರ ಬಳಿಗೆ ಓಡಿದಳು.

"ಬಿದ್ದ ಕೂಡ್ಲೇ ನೀರಾಗ ತೊಳದ್ರೇನ್ರಿ?"

"ಇಲ್ರಿ. ಒಮ್ಮೆ ಚುರ್ ಅಂತು, ಆಮ್ಯಾಲೆ ಉರೀಲೇ ಇಲ್ಲ."

"ಎಕ್ಕದ ಹಾಲು ಕಣ್ಣು ಮರಗಟ್ಟಿಸತೈತಿ. ಅದಕ್ಕ ಮಂದಿ ತಡಾ ಮಾಡ್ತಾರ. ಕಣ್ಣಿನ ಮುಂದಿನ ಪದರದ ಒಳಗ ಒಂದಾ ಸಾಲು ಜೀವಕೋಶ, ನೀರು ಹೊರಗ ಹಾಕ್ಕೊಂತ ಇರ್ತಾವು. ಅವಕ್ಕ ಪೆಟ್ಟಾಗೇತಿ."

"ಮತ್ತ ಕಾಣತೈತೇನ್ರಿ?"

"ಅವು ಸುಧಾರಿಸಿದ್ರ ಕಾಣತೈತಿ," ಎನ್ನುತ್ತ ಡಾಕ್ಟರು ಅವಳ ಕಣ್ಣು ತೊಳೆದು ಔಷಧದ ಹನಿ ಹಾಕಿದರು.

ಸುಧಾರಿಸದಿದ್ದರೆ ಎಂದು ಕೇಳಲು ಬಾಯಿ ತೆರೆದವಳಿಗೆ ಥಟ್ಟನೆ ಹೊಳೆಯಿತು. ಮಕ್ಕಳು! ಎಲ್ಲರ ಕೈಯಲ್ಲೂ ಅದೇ ಕಾಂಡವಿತ್ತು. ಕುರುಗೋಡಿನಲ್ಲೇ ಮನೆ ಮಾಡಿದ್ದ ಗಣಿತದ ಮೇಷ್ಟ್ರು ಹನುಮೇಶರಿಗೆ ಫೋನು ಹಚ್ಚಿದಳು.

"ಸರ್, ಒಂಬತ್ತನೇ ಕ್ಲಾಸಿನ ಮಕ್ಕಳ ಮನಿಗೆ ಹೋಗ್ರಿ. ನೋವೈತೇನು ಅಂತ ಕೇಳಬ್ಯಾಡ್ರಿ, ಒಂದೊಂದ ಕಣ್ಣು ಮುಚ್ಚಿಸಿ ನೋಡ್ರಿ."

ಬೆಂಚಿನ ಮೇಲೆ ಕೂತು ಕಾದಳು. ಒಂದೊಂದೇ ಮುಖ ನೆನಪಾಗುತ್ತಿತ್ತು. ಕೊನೆಗೆ ಫೋನು ಬಂತು.

"ಉಳಿದೋರೆಲ್ಲ ಚಲೋ ಅದಾರ. ಮೀನಾಗ ಒಂದು ಕಣ್ಣು ಮಸುಕಂತ. ಬೈತಾರಂತ ಅಂಜಿ ಸುಮ್ನ ಕುಂತಿದ್ಲು. ಕರ್ಕೊಂಡು ಬರಾಕತ್ತೀನಿ."

ಮೀನಾಳ ತಾಯಿ ಹುಲುಗಮ್ಮನೂ ಜೊತೆಗೆ ಬಂದಳು. ಡಾಕ್ಟರು ಒಳಗೆ ಹುಡುಗಿಯ ಕಣ್ಣು ತೊಳೆಯುತ್ತಿದ್ದಾಗ ಅವಳು ಗಂಗೋತ್ರಿಯತ್ತ ತಿರುಗಿದಳು.

"ಏನು ಕೊಟ್ಟಿದ್ರಿ ನನ್ನ ಮಗಳ ಕೈಯಾಗ?"

"ವಿಷಾನಾ ಕೊಟ್ಟಿದ್ದೆನವ್ವಾ, ತಿಳೀದ," ಎಂದಳು ಗಂಗೋತ್ರಿ.

ಕೆಲವೇ ದಿನಗಳಲ್ಲಿ ಮೀನಾಳ ಕಣ್ಣು ತಿಳಿಯಾಯಿತು. ಗಂಗೋತ್ರಿಗೆ ಮಾತ್ರ ಬೆಳಿಗ್ಗೆ ಕಣ್ಣು ತೆರೆಯುವುದಕ್ಕೇ ಭಯವಾಯಿತು. ಎಚ್ಚರವಾದರೂ ರೆಪ್ಪೆ ಬಿಗಿದುಕೊಂಡು ಮಲಗಿರುತ್ತಿದ್ದಳು. ಒಂದು ದಿನ ಬಲಗಣ್ಣು ಬಿಟ್ಟಾಗ ಫ್ಯಾನಿನ ರೆಕ್ಕೆಗೆ ಕೂತ ಧೂಳು ಎಳೆಎಳೆಯಾಗಿ ಕಂಡಿತು. ಅಳುತ್ತಲೇ ಹುಲುಗಮ್ಮನಿಗೆ ಫೋನು ಮಾಡಿದಳು.

"ಚಲೋ ಆತು ಬಿಡ್ರಿ," ಎಂದಳು ಹುಲುಗಮ್ಮ. "ಇನ್ನ ಮ್ಯಾಲೆ ಗಿಡಾ ತೋರಸ್ರಿ. ಕೈಯಾಗ ಮಾತ್ರ ಕೊಡಬ್ಯಾಡ್ರಿ."