ಗುಂಡಿಯಿಲ್ಲದ ಕೋಟು

“ಅಮ್ಮಾ, ತಾತನ ಕೋಟಿಗೆ ಗುಂಡಿ ಯಾಕಿಲ್ಲ?” ಎಂದು ಮಗಳು ಮೆಟ್ಟಿಲ ಮೇಲೆಯೇ ಕೇಳಿಬಿಟ್ಟಳು, ಮೇಲಿನ ಮನೆಯ ತಾತ ನಮಗಿಂತ ಎರಡೇ ಮೆಟ್ಟಿಲು ಕೆಳಗಿದ್ದರು. ನಾನು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಕೈ ನಡುಗುವವರು, ಹಾಕಿಕೊಳ್ಳಲಾಗದೆ ತೆಗೆಸಿರಬೇಕೆಂದು ಕಟ್ಟಡದ ಎಲ್ಲರಂತೆ ನಾನೂ ನಂಬಿದ್ದೆ. ಅವರು ನಿಂತು, “ತಟ್ಟೆಗೆ ಗೀರು ಬೀಳುತ್ತೆ ಅಂತ ನಾನೇ ಕತ್ತರಿಸಿದ್ದು ಪುಟ್ಟಿ, ನಿಮ್ಮಮ್ಮ ಹುಟ್ಟೋಕೂ ಮುಂಚೆ” ಎಂದರು.

ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು ಅವರು. ಉಸಿರು ಬಿಗಿಹಿಡಿದು ಕೂದಲೆಳೆಯಂಥ ಗೆರೆಯೊಂದನ್ನು ಎಳೆದು, ಗೆರೆ ಮುಗಿದ ಮೇಲಷ್ಟೇ ಉಸಿರು ಬಿಡುತ್ತಿದ್ದ ಆ ಅಭ್ಯಾಸ ನಿವೃತ್ತಿಯ ನಂತರವೂ ಮಾತಿಗೆ ಅಂಟಿಕೊಂಡಿತ್ತು. ವಾಕ್ಯದ ತುದಿ ತಲುಪಿ ಒಮ್ಮೆ ಉಸ್ಸೆನ್ನುವರು. ಅವರ ನಡುಮನೆಯ ಗಾಜಿನ ಕಪಾಟಿನಲ್ಲಿ, ನಲವತ್ತು ವರ್ಷಗಳಲ್ಲಿ ಒಂದೊಂದಾಗಿ ಕೂಡಿಸಿದ ಹದಿಮೂರು ಹಳೆಯ ಜಪಾನಿ ಪಿಂಗಾಣಿ ತಟ್ಟೆ-ಬಟ್ಟಲುಗಳಿದ್ದವು. ಕಪಾಟು ತೆರೆಯುವ ಮುನ್ನ ಉಂಗುರ, ಗಡಿಯಾರ ಕಳಚುವರು. ಬಟ್ಟೆಯಿಂದ ಒರೆಸಿದರೆ ಚಿನ್ನದ ರೇಖೆ ಸವೆಯುವುದೆಂದು ಮೆತ್ತನೆಯ ಕುಂಚದಿಂದ ಮಾತ್ರ ಧೂಳು ತೆಗೆಯುವರು.

“ಇದರಲ್ಲಿ ಉಂಡಿದ್ದೂ ಇಲ್ಲ, ಉಣಿಸಿದ್ದೂ ಇಲ್ಲ. ನಮ್ಮಣ್ಣ ಮದುವೆಯಾಗಿದ್ದೇ ಈ ಕಪಾಟನ್ನ” ಎಂದು ಜೊತೆಗಿದ್ದ ತಂಗಿ ಚುಚ್ಚುತ್ತಿದ್ದರು.

“ಅದು ನಿನ್ ಥರ ಎದುರು ಮಾತಾಡಲ್ಲ ನೋಡು” ಎನ್ನುವರು ತಾತ.

ಒಮ್ಮೆ ನನ್ನನ್ನು ಕೂರಿಸಿ, ತಟ್ಟೆಯೊಂದನ್ನು ಮಡಿಲಿಗಿಟ್ಟು, “ಕಣ್ಮುಚ್ಚಿ ಬೆರಳಾಡಿಸಮ್ಮ. ನೀಲಿ ಸಿಗಲ್ಲ, ಅದು ಹೊಳಪಿನ ಲೇಪದ ಕೆಳಗಿರುತ್ತೆ. ಕೆಂಪು, ಹಸಿರು ಆಮೇಲೆ ಮೇಲಿಟ್ಟು ಸುಟ್ಟಿದ್ದು, ಬೆರಳಿಗೆ ಎಡವುತ್ತೆ” ಎಂದರು. ನಿಜಕ್ಕೂ ಎಡವಿತು, ಗಾಯ ಮಾಯ್ದ ಮೇಲೆ ಉಳಿಯುವ ಗೆರೆಯಷ್ಟು ಸೂಕ್ಷ್ಮವಾಗಿ. ಅವರ ಪಾಲಿಗೆ ನೋಡುವುದೆಂದರೆ ಮುಟ್ಟುವುದೇ ಆಗಿತ್ತು. ವಿಧಿ ಕೈಯಿಟ್ಟದ್ದೂ ಆ ಬೆರಳುಗಳ ಮೇಲೆಯೇ: ಮೊದಲು ಸಹಿ ಹಾಳಾಯಿತು, ಆಮೇಲೆ ಚಮಚ ತುಳುಕಿತು, ವೈದ್ಯರು ಮಾತ್ರೆ ಹೆಚ್ಚಿಸುತ್ತ ಹೋದರು.

ಕಳೆದ ತಿಂಗಳು, ತಂಗಿ ಔಷಧಿಯಂಗಡಿಗೆ ಹೋಗಿದ್ದಾಗ, ಮೇಲಿನಿಂದ ಕೇಳಿದ ಸದ್ದಿಗೆ ನಾನು ಮಗುವನ್ನು ಕಂಕುಳಲ್ಲಿ ಅವಚಿಕೊಂಡೇ ಓಡಿದೆ. ಎರಡು ಲಾವಕ್ಕಿಗಳ ಚಿತ್ರವಿದ್ದ ಪುಟ್ಟ ಬಟ್ಟಲು ನೆಲದ ಮೇಲೆ ಏಳು ಚೂರಾಗಿತ್ತು. ತಾತ ಗೋಡೆಗೊರಗಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತಿದ್ದರು, ತಪ್ಪು ಮಾಡಿದ ನಾಯಿಮರಿಗಳನ್ನು ಹಿಡಿದಿಟ್ಟವರಂತೆ. “ಇವತ್ತು ಕೈ ಚೆನ್ನಾಗಿದೆ ಅನ್ನಿಸ್ತು” ಎಂದಷ್ಟೇ ಅಂದರು. ಚೂರುಗಳನ್ನು ಆರಿಸಿ ಮಗಳ ಬಿಸ್ಕತ್ತಿನ ಡಬ್ಬಿಗೆ ತುಂಬಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ. ಮನೆಗೆ ಬಂದ ತಂಗಿ ಬೈಯಲಿಲ್ಲ. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇಂಥ ಸಂಗ್ರಾಹಕರನ್ನು ಜನ ಆಸೆಬುರುಕರೆನ್ನುತ್ತಾರೆ. ಇವರನ್ನು ನೋಡಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ. ತಮಗಿಂತ ಮುಂಚೆ ಇದ್ದ, ತಾವು ಹೋದಮೇಲೂ ಇರಬೇಕಾದ ವಸ್ತುವಿಗೆ ಆಯುಷ್ಯವಿಡೀ ಕಾವಲು ಕೂರುವವರು ಇವರು. ಕೊನೆಗೊಂದು ದಿನ ಆ ವಸ್ತುವಿಗಿರುವ ಅಪಾಯ ತಮ್ಮ ಪ್ರೀತಿಯೇ ಎಂದು ತಿಳಿದಾಗ, ಇವರು ಕಾವಲಿಡಬೇಕಾದದ್ದು ತಮ್ಮ ಮೇಲೆಯೇ.

ಭಾನುವಾರ ಬೆಳಿಗ್ಗೆ ತಾತ ನಮ್ಮ ಬಾಗಿಲಲ್ಲಿ ನಿಂತಿದ್ದರು, ಕೈಗಳು ಜೇಬಿನೊಳಗೆ.

“ಒಳಜೇಬಲ್ಲಿ ಕಪಾಟಿನ ಬೀಗದ ಕೈ ಇದೆ, ನೀನೇ ತಗೋಮ್ಮ. ನನಗೆ ತೆಗೆಯೋಕಾಗ್ತಿಲ್ಲ.”

“ನಿಮ್ಮ ತಂಗಿ ಹತ್ರ ಇರ್ಲಿ ತಾತ.”

“ಅವಳು ಕೊಟ್ಟುಬಿಡ್ತಾಳೆ. ನೀನು ಚಿಕ್ಕ ಮಗು ಇರೋಳು, ಇಲ್ಲ ಅನ್ನೋದು ನಿನಗೆ ಅಭ್ಯಾಸ.” ಉಸ್ಸೆಂದರು. “ಪುಟ್ಟಿಗೆ ಕತ್ತರಿ ಸಿಗದ ಹಾಗೆ ಎಲ್ಲಿಡ್ತೀಯೋ, ಅಲ್ಲೇ ಇಡು. ಇವತ್ತು ಕೈ ಚೆನ್ನಾಗಿದೆ ಅಂತ ನಾನು ಬಂದು ಕೇಳ್ತೀನಿ. ಅತ್ತು ಕೇಳಿದ್ರೂ ಕೊಡಬೇಡಮ್ಮ.”