ಹಾಲು ಕೆಟ್ಟ ದೃಶ್ಯ

ಹನುಮಂತನಪಟ್ಟಿಯ ಕಣ್ಣಮ್ಮಾಳ್ ಎದುರಿಗೆ ಯಾರಾದರೂ ‘ಆಲು ಕೆಟ್ಟೋಯ್ತು’ ಎಂದರೆ ಅವಳ ಮೈಯೆಲ್ಲ ಉರಿದುಹೋಗುತ್ತಿತ್ತು. ಹಾಗೆಂದವರನ್ನು ಅವಳು ಸುಮ್ಮನೆ ಬಿಟ್ಟವಳೂ ಅಲ್ಲ. ಚಿನ್ನಮನೂರಿನ ಬಸ್ ನಿಲ್ದಾಣದಲ್ಲಿ ಒಮ್ಮೆ ಕಂಡಕ್ಟರನೊಬ್ಬನ ಕೈಯಿಂದ ಟಿಕೆಟ್ ಕಟ್ಟನ್ನೇ ಕಿತ್ತು ಎಸೆದಿದ್ದಳು. ಗಂಡನ ಅಣ್ಣನ ಮನೆಯ ಅಳಿಯ ಊಟಕ್ಕೆ ಕೂತಾಗ ತಮಾಷೆಗೆಂದು ಆ ಮಾತು ಆಡಿದ. ಅಂದಿನಿಂದ ಅವಳು ಆ ಮನೆಯ ಹೊಸಿಲು ತುಳಿಯಲಿಲ್ಲ.

ಆ ಮಾತು ಒಂದು ತಮಿಳು ಸಿನಿಮಾದ್ದು. ಅದನ್ನು ಮಾಡಿದವಳು ಅಭಿರಾಮಿ, ಕಣ್ಣಮ್ಮಾಳ್‌ಗೆ ದೊಡ್ಡಮ್ಮನ ಮಗಳು. ತಮಿಳುನಾಡಿನ ಕಂಬಂ ಕಣಿವೆಯಲ್ಲಿ ನೂರಾರು ವರ್ಷಗಳಿಂದ ಮನೆಯೊಳಗೆ ಕನ್ನಡ, ಹೊರಗೆ ತಮಿಳು ಎಂದು ಬದುಕಿಕೊಂಡು ಬಂದ ಒಕ್ಕಲು ಮನೆತನ ಅವರದು. ಹೆಂಗಸೊಬ್ಬಳು ಸಿನಿಮಾ ಮಾಡುವುದೇ ಅಪರೂಪವಾಗಿದ್ದ ಕಾಲದಲ್ಲಿ ಅಭಿರಾಮಿ ಚೆನ್ನೈಗೆ ಹೋಗಿ, ಅದರಲ್ಲೂ ನಗಿಸುವ ಸಿನಿಮಾ ಮಾಡಿ ಗೆದ್ದವಳು. ಮೊದಲ ಸಿನಿಮಾವನ್ನು ಚಿನ್ನಮನೂರಿನ ಒಂದು ದೊಡ್ಡ ಮನೆಯಲ್ಲಿ ತೆಗೆದಳು. ಅದರಲ್ಲಿ ಮನೆಗೆಲಸದ ಹುಡುಗಿಯ ಪಾತ್ರ ಕಣ್ಣಮ್ಮಾಳ್‌ದು. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು ಹಜಾರದಲ್ಲಿ ಕೂತಿರುವಾಗ ಅವಳು ಅಡಿಗೆಮನೆಯಿಂದ ಪಾತ್ರೆ ಹಿಡಿದು ಬಂದು, ‘ಅಮ್ಮಾ, ಆಲು ಕೆಟ್ಟೋಯ್ತು’ ಎನ್ನುತ್ತಾಳೆ. ಅವರ ಮನೆಮಾತಿನಲ್ಲಿ ಹಾಲು ‘ಆಲು’. ತಮಿಳಿನವರ ಕಿವಿಗೆ ಅದು ‘ಆಳು’, ಅಂದರೆ ಮನುಷ್ಯ. ಮದುಮಗನೇ ಕೆಟ್ಟವನು ಎಂದು ಇವಳು ಹೇಳಿದಂತಾಗಿ ಮದುವೆ ಮುರಿಯುತ್ತದೆ.

ಜನ ಬಿದ್ದು ಬಿದ್ದು ನಕ್ಕರು. ಸಿನಿಮಾ ಬಂದ ವಾರ ಅದನ್ನು ನೋಡಲು ಹೋದ ಕಣ್ಣಮ್ಮಾಳನ್ನು ಟಾಕೀಸಿನ ಬಾಗಿಲಲ್ಲೇ ಗುರುತು ಹಿಡಿದು ಎಷ್ಟು ಗದ್ದಲ ಮಾಡಿದರೆಂದರೆ, ಅಪ್ಪ ಅವಳನ್ನು ಹಾಗೆಯೇ ಮನೆಗೆ ಎಳೆದುಕೊಂಡು ಬಂದರು. ಆಮೇಲೆ ಪೆರಿಯಕುಳಂನಿಂದ ಅವಳನ್ನೇ ನೋಡಲು ಬಂದ ಗಂಡಿನವರು ಹಾಲು ಕೇಳಿ, ತಮ್ಮತಮ್ಮಲ್ಲೇ ನಕ್ಕು ಎದ್ದುಹೋದರು. ಕೊನೆಗೆ ದ್ರಾಕ್ಷಿ ಬೆಳೆಯುವ ಕಾಳಿಮುತ್ತು, ಸಿನಿಮಾ ಗಿನಿಮಾ ತನಗೆ ಗೊತ್ತಿಲ್ಲ ಎಂದು ಕಟ್ಟಿಕೊಂಡ. ಅಭಿರಾಮಿ ಮತ್ತೆ ಅವಳನ್ನು ಕರೆಯಲಿಲ್ಲ. ಎರಡನೆಯ ಸಿನಿಮಾಕ್ಕೆ ಚೆನ್ನೈಯ ಹುಡುಗಿಯೊಬ್ಬಳನ್ನು ಹಾಕಿಕೊಂಡಳು. ಕಣ್ಣಮ್ಮಾಳ್ ಹೊರಗೆ ಕನ್ನಡ ಆಡುವುದನ್ನೇ ಬಿಟ್ಟಳು, ಮಗಳಿಗೂ ಕಲಿಸಲಿಲ್ಲ. ಮಗಳು ಕಾರ್ತಿಕಾಗೆ ಮನೆಮಾತು ಕೇಳಿದರೆ ತಿಳಿಯುತ್ತದೆ, ಆಡಲು ನಾಲಗೆ ಹೊರಳುವುದಿಲ್ಲ.

ದಿಂಡಿಗಲ್ಲಿನ ಕಾಲೇಜಿನಲ್ಲಿ ಪಾಠ ಮಾಡುವ ಆ ಕಾರ್ತಿಕಾಳೇ ಸುದ್ದಿ ತಂದದ್ದು. ತೇನಿಯಲ್ಲಿ ಚಿತ್ರಸಂಘ ನಡೆಸುವ ಗಣೇಶನ್ ಎಂಬವರು ಅಭಿರಾಮಿಯ ಗೌರವಾರ್ಥ ಮೂರು ಭಾನುವಾರ ಅವಳ ಮೂರು ಸಿನಿಮಾ ತೋರಿಸುತ್ತಾರಂತೆ. ಮೊದಲ ದಿನ ಕಣ್ಣಮ್ಮಾಳ್ ವೇದಿಕೆಗೆ ಬಂದು ಆ ಮಾತನ್ನು ಒಂದು ಸಲ ಹೇಳಬೇಕಂತೆ. ಕಣ್ಣಮ್ಮಾಳ್ ಖಂಡಿತ ಆಗದು ಎಂದಳು. ಕಾರ್ತಿಕಾ ಬಿಡಲಿಲ್ಲ. ಮಾತು ಹೇಳುವುದು ಬೇಡ, ಇಷ್ಟು ವರ್ಷ ನೀನೇ ನೋಡದ ನಿನ್ನ ಸಿನಿಮಾವನ್ನು ಒಮ್ಮೆ ಪೂರ್ತಿ ನೋಡಿ ಬಾ ಎಂದಳು. ಅದು ಕಣ್ಣಮ್ಮಾಳ್ ಮನಸ್ಸಿಗೆ ನಾಟಿತು.

ಭಾನುವಾರ ಮಧ್ಯಾಹ್ನ ತೇನಿಯ ಚಿತ್ರಸಂಘದ ಹಾಲ್ ತುಂಬಿತ್ತು. ಕಣ್ಣಮ್ಮಾಳ್ ಕಾರ್ತಿಕಾಳ ಪಕ್ಕ ಮುಂದಿನ ಸಾಲಿನಲ್ಲಿ ಕೂತಳು. ದೀಪ ಆರಿತು. ತೆರೆಯ ಮೇಲೆ ಎರಡು ಜಡೆಯ, ಮೊಣಕೈ ಚೂಪಾದ ಹುಡುಗಿಯೊಬ್ಬಳು ಬಂದಾಗ ತಾನೆಂದು ಗೊತ್ತಾಗಲು ಅವಳಿಗೆ ಕೊಂಚ ಹೊತ್ತೇ ಹಿಡಿಯಿತು. ಹಾಲಿನ ದೃಶ್ಯ ಬಂತು. ಹುಡುಗಿ ಪಾತ್ರೆ ಮೂಸಿದಳು. ಕತ್ತೆತ್ತಿ ಮದುಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇನ್ನೊಮ್ಮೆ ಮೂಸಿದಳು. ಆಮೇಲೆ, ಸಾವಿನ ಸುದ್ದಿ ಹೇಳುವವಳ ಹಾಗೆ, ಮಾತು ಹೇಳಿದಳು. ಹಾಲ್ ಸಿಡಿದುಹೋಗುವಂತೆ ನಕ್ಕಿತು. ಕಾರ್ತಿಕಾ ಕಣ್ಣೊರೆಸಿಕೊಂಡು ನಗುತ್ತಿದ್ದಳು.

ಕಣ್ಣಮ್ಮಾಳ್ ನಗಲಿಲ್ಲ. ಅವಳಿಗೆ ಆ ದೃಶ್ಯ ತೆಗೆದ ದಿನ ನೆನಪಾಯಿತು. ಬರೆದುಕೊಟ್ಟದ್ದರಲ್ಲಿ ಇದ್ದದ್ದು ಬರೀ ಮಾತು. ಬಂದೊಡನೆ ಹೇಳಿಬಿಟ್ಟರೆ ಜನ ಉಚ್ಚಾರಕ್ಕೆ ನಗುತ್ತಾರೆ ಅಷ್ಟೆ, ಮೊದಲು ಮೂಸಿ ಆಮೇಲೆ ಗಂಡನ್ನು ನೋಡಿದರೆ ಹುಡುಗಿ ತೂಗಿ ನೋಡಿ ತೀರ್ಪು ಕೊಟ್ಟಂತಾಗುತ್ತದೆ ಎಂದು ಯೋಚಿಸಿದವಳು ಅವಳು. ಅಕ್ಕನಿಗೆ ಹೇಳಿದಳು, ಅಕ್ಕ ಮಾಡಿ ನೋಡು ಎಂದಳು. ಮೊದಲ ಸಲ ಕ್ಯಾಮೆರಾದವನೇ ನಕ್ಕು ಶಾಟ್ ಕೆಟ್ಟಿತು. ಎರಡನೆಯ ಸಲ ಸುತ್ತ ಎಲ್ಲರೂ ಬಾಯಿಗೆ ಬಟ್ಟೆ ಒತ್ತಿಕೊಂಡಿದ್ದಾಗ ಇವಳು ಮುಖದ ಒಂದು ನರ ಅಲುಗಿಸದೆ ನಿಂತಿದ್ದಳು. ಇನ್ನು ಆ ಉಚ್ಚಾರ? ಅವಳು ಹತ್ತನೆಯವರೆಗೆ ತಮಿಳಿನಲ್ಲಿ ಓದಿದವಳು, ಶಾಲೆಯಲ್ಲಿ ಭಾಷಣಕ್ಕೆ ಬಹುಮಾನ ತೆಗೆದುಕೊಂಡವಳು. ತಮಿಳು ಬಾರದ ತನ್ನ ಅಜ್ಜಿ ಮುತ್ತಮ್ಮಾಳ್ ಮಾತಾಡುವ ರೀತಿಯನ್ನು ಹಿಡಿದು ಹಾಗೆ ಮಾತಾಡಿದ್ದಳು. ತಾನು ಚೆನ್ನಾಗಿ ಮಾಡಿದ್ದೇನೆ ಎಂದು ಅವಳಿಗೆ ಕತ್ತಲಲ್ಲಿ ಕೂತು ಮೊದಲ ಬಾರಿಗೆ ಗೊತ್ತಾಯಿತು.

ಸಿನಿಮಾ ಮುಗಿದು ದೀಪ ಹತ್ತಿತು. ಅಭಿರಾಮಿಗೆ ಶಾಲು, ಹಾರ ಆದವು. ಬೆಳ್ಳಗಾದ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದ ಅವಳು ಮಾತಿನಲ್ಲಿ ಈಗಲೂ ಚುರುಕು. ಪ್ರಶ್ನೆ ಕೇಳಿದವರಲ್ಲಿ ಒಬ್ಬ ಹುಡುಗಿ, ಆ ಕೆಲಸದವಳಿಂದ ಅಷ್ಟು ಚೆನ್ನಾಗಿ ಅಭಿನಯ ಹೇಗೆ ತೆಗೆಸಿದಿರಿ ಎಂದಳು.

ಅಭಿರಾಮಿ ನಕ್ಕಳು. “ಅಭಿನಯವೆಲ್ಲಿ ಬಂತಮ್ಮ? ಅವಳು ನನ್ನ ತಂಗಿ. ಇರುವುದೇ ಹಾಗೆ, ಮಾತಾಡುವುದೇ ಹಾಗೆ. ಪಾಪ, ಏನೂ ತಿಳಿಯದವಳು. ನಾನು ಕ್ಯಾಮೆರಾ ಇಟ್ಟೆ, ಅಷ್ಟೆ,” ಎಂದಳು ತಮಿಳಿನಲ್ಲಿ. ಸಭೆ ಪ್ರೀತಿಯಿಂದ ನಕ್ಕಿತು. ಗಣೇಶನ್, ಆ ತಂಗಿಯೂ ಇಲ್ಲೇ ಇದ್ದಾರೆ ಎಂದು ಕಣ್ಣಮ್ಮಾಳ್ ಕಡೆ ಕೈ ತೋರಿಸಿದರು.

ಕಣ್ಣಮ್ಮಾಳ್ ಎದ್ದಳು. ಕಾರ್ತಿಕಾ ಸೆರಗು ಹಿಡಿದಳು. ಅದನ್ನು ಬಿಡಿಸಿಕೊಂಡು ಮೆಟ್ಟಿಲು ಹತ್ತಿ ಮೈಕು ತೆಗೆದುಕೊಂಡಳು. ಸಭೆ ಆ ಮಾತಿಗಾಗಿ ಕಾಯುತ್ತಿತ್ತು, ಕೆಲವರು ಆಗಲೇ ಫೋನು ಎತ್ತಿ ಹಿಡಿದಿದ್ದರು. ಅವಳು ಸಭೆಯ ಕಡೆ ನೋಡಲೇ ಇಲ್ಲ. ಅಕ್ಕನ ಕಡೆ ತಿರುಗಿ, ಎಷ್ಟೋ ವರ್ಷದಿಂದ ಹೊರಗೆ ಆಡದ ಮನೆಮಾತಿನಲ್ಲಿ ಹೇಳಿದಳು:

“ಅಕ್ಕಾ, ನಾ ನಡಿಚ್ಚೆ. ಆ ಪಾತ್ರೆ ಮೂಸ್ದವ್ಳು ನಾನು. ಮೂಸು ಅಂತ ನೀ ಏಳ್ಲಿಲ್ಲ. ಅಜ್ಜಿ ತರ ಪೇಸ್ದವ್ಳು ನಾನು. ಏನೂ ತಿಳೀದವ್ಳು ಅಂತ ಇಷ್ಟು ಜನ್ರ ಮುಂದೆ ಯಾಕೆ ಸುಳ್ಳು ಏಳ್ತೀಯ?”

ಪೇಸುವುದೆಂದರೆ ಮಾತಾಡುವುದು, ನಡಿಚ್ಚೆ ಎಂದರೆ ನಟಿಸಿದೆ ಎಂದು. ತಮಿಳಿನಿಂದ ಬಂದ ಆ ಎರಡು ಮಾತು ತಮಿಳಿನವರಿಗೂ ತಿಳಿದವು. ಅಭಿರಾಮಿ ತಬ್ಬಿಬ್ಬಾಗಿ, ನೋಡಿ, ಇವತ್ತೂ ಹಾಲು ಕೆಟ್ಟಿತು ಎಂದು ನಗಿಸಲು ನೋಡಿದಳು. ಕೆಲವರು ನಕ್ಕರು ಕೂಡ. ಕಣ್ಣಮ್ಮಾಳ್ ಅವರ ನಗು ಮುಗಿಯುವವರೆಗೆ ಅಲ್ಲಾಡದೆ ನಿಂತಳು. ಆಮೇಲೆ ಚೊಕ್ಕ ತಮಿಳಿನಲ್ಲಿ, ಒಂದಕ್ಷರ ತೊದಲದೆ, ಅಕ್ಕನಿಗೆ ಹೇಳಿದ್ದನ್ನೆಲ್ಲ ಸಭೆಗೆ ಮತ್ತೆ ಹೇಳಿದಳು. ಈಗ ಯಾರೂ ನಗಲಿಲ್ಲ.

ವೇದಿಕೆಯ ಹಿಂದಿನ ಕೋಣೆಗೆ ಅಭಿರಾಮಿ ಅವಳನ್ನು ಕೈಹಿಡಿದು ಕರೆದುಕೊಂಡು ಹೋದಳು. ಮೊದಲು ಸಿಟ್ಟಿನಿಂದ, ಮಾನ ಕಳೆದೆ ಎಂದಳು. ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತು, ಆಗಿನ ಕಾಲ ನಿನಗೆ ಗೊತ್ತಿಲ್ಲ ಎಂದು ಹೇಳತೊಡಗಿದಳು. ಸಿನಿಮಾ ಗೆದ್ದ ಮೇಲೆ ಪೇಪರಿನವರೆಲ್ಲ ಅವಳ ಗಂಡನೇ ನಿರ್ದೇಶಿಸಿದ್ದು ಎಂದು ಬರೆದರಂತೆ. ಗಂಡ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲವಂತೆ.

“ಒಂದೊಂದು ನಗೂನೂ ನಂದೇ ಅಂತ ಕಾಟ್ಬೇಕಾಗಿತ್ತು, ಕಣ್ಣಮ್ಮಾ. ಇದು ಅವ್ಳ ಯೋಚ್ನೆ ಅಂದಿದ್ರೆ ನಂಗೇನು ಉಳೀತಿತ್ತು?”

ಕಣ್ಣಮ್ಮಾಳ್‌ಗೆ ಎಲ್ಲ ತನ್ನದೇ ಎಂದು ಅಕ್ಕ ತೋರಿಸಿಕೊಳ್ಳಬೇಕಾಗಿದ್ದದ್ದು ನಿಜವೆಂದು ತಿಳಿಯಿತು. ತಿಳಿದಷ್ಟೂ ಕೋಪ ಹೆಚ್ಚಾಯಿತು. “ಅಂಗಾದ್ರೆ ನಿಂಗೆ ಗೊತ್ತಿತ್ತು. ನಾ ಪೆದ್ದಿ ಅಲ್ಲ ಅಂತ ಗೊತ್ತಿದ್ದೂ ನನ್ನ ಪೆದ್ದಿ ಮಾಡ್ದೆ. ಪೇಪರ್‌ನೋರ ಮೇಲಿನ ಕೋವನ ನನ್ ತಲೆ ಮೇಲೆ ತೀರಿಸ್ಕೊಂಡೆ,” ಎಂದು ಹೇಳಿ, ಕಾಫಿ ಮುಟ್ಟದೆ ಹೊರಟುಬಂದಳು.

ಮರಳುವ ದಾರಿಯಲ್ಲಿ ಊರು ಹತ್ತಿರವಾದಾಗ ಕಾರ್ತಿಕಾ, ಇದನ್ನೆಲ್ಲ ನನಗೆ ಯಾಕೆ ಹೇಳಿರಲಿಲ್ಲ ಎಂದು ತಮಿಳಿನಲ್ಲಿ ಕೇಳಿದಳು. ಕಣ್ಣಮ್ಮಾಳ್ ಕನ್ನಡದಲ್ಲಿ, ನೀನು ಕೇಳಲಿಲ್ಲವಲ್ಲ ಎಂದಳು. ಮಗಳ ಮೇಲೂ ಕೋಪ ಬಂದಿತ್ತು.

ಎರಡನೆಯ ಭಾನುವಾರ ಕಣ್ಣಮ್ಮಾಳ್ ಹೋಗಲಿಲ್ಲ. ಕಾರ್ತಿಕಾ ಹೋಗಿ ಅಭಿರಾಮಿಯ ಮಾತನ್ನು ಫೋನಿನಲ್ಲಿ ಹಿಡಿದುಕೊಂಡು ಬಂದು ಅಮ್ಮನಿಗೆ ತೋರಿಸಿದಳು. ಹೋದ ವಾರ ತಾನು ಆಡಿದ್ದು ತಪ್ಪು, ಕಣ್ಣಮ್ಮಾಳ್ ಒಳ್ಳೆಯ ನಟಿ, ತಾನೇ ಕಂಡುಹಿಡಿದು ತಿದ್ದಿದ ನಟಿ ಎಂದು ಅಭಿರಾಮಿ ಹೇಳಿದ್ದಳು. ಕಣ್ಣಮ್ಮಾಳ್ ಕೊನೆಯವರೆಗೆ ಕೇಳಿ, ಮಗಳ ಕೈಯಿಂದಲೇ ಅಕ್ಕನಿಗೆ ಫೋನು ಹಾಕಿಸಿದಳು.

“ಏನ್ ತಿದ್ದಿದೆ, ಅಕ್ಕಾ?” ಎಂದಳು.

ಅಭಿರಾಮಿ, ಮುಂದಿನ ಭಾನುವಾರ ಕೊನೆಯದು, ಬರುತ್ತೀಯಾ ಎಂದು ಮೆಲ್ಲಗೆ ಕೇಳಿದಳು.

“ಬತ್ತೀನಿ. ನೀ ಪೇಸೋವಾಗ ಎದ್ರಿಗೇ ಕೂತಿರ್ತೀನಿ.”

ಹಾಗೆಯೇ ಹೋಗಿ ಮೊದಲ ಸಾಲಿನಲ್ಲಿ ಕೂತಳು. ಈ ಸಲ ಸಿನಿಮಾಕ್ಕೆ ಮೊದಲೇ ಮಾತಾಡಿದ ಅಭಿರಾಮಿ ತಮಾಷೆ ಮಾಡಲಿಲ್ಲ. ಮೂಸುವುದು, ನೋಡುವುದು, ಅಜ್ಜಿಯ ಉಚ್ಚಾರ, ಮೂರೂ ತಂಗಿಯದು, ನನ್ನದಲ್ಲ, ಅದನ್ನು ಮುಚ್ಚಿಟ್ಟೆ, ಮತ್ತೆ ಕರೆಯದೆ ಅವಳ ದಾರಿಯನ್ನೂ ಮುಚ್ಚಿದೆ ಎಂದು, ಕಣ್ಣಮ್ಮಾಳ್ ಮುಖ ನೋಡುತ್ತಲೇ ಹೇಳಿ ಮುಗಿಸಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ಸತ್ಯ ಒಪ್ಪಿಕೊಂಡ ಅಭಿರಾಮಿಗೋ ತನಗೋ ಕಣ್ಣಮ್ಮಾಳ್‌ಗೆ ತಿಳಿಯಲಿಲ್ಲ. ಅವಳು ತಟ್ಟಲಿಲ್ಲ. ದೀಪ ಆರಿದ ಮೇಲೆ ಸೀಟಿನಲ್ಲಿ ನೆಟ್ಟಗೆ ಕೂತು, ಈ ಸಿನಿಮಾದಲ್ಲಿ ಯಾರು ಚೆನ್ನಾಗಿ ಮಾಡಿದ್ದಾರೆಂದು ನೋಡತೊಡಗಿದಳು.